ಅಪ್ಪನ ಮೂತ್ರದ ಸೋಂಕು, ಅದರ ಹಿಂದೆ ಬಂದ ಸಿ ಡಿಫ್: ನಾವು ಕಳೆದ ನಾಲ್ಕು ತಿಂಗಳು

ಮೊನ್ನೆ ಡಾಕ್ಟ್ರು "ಇನ್ನು ಸುಮ್ನೆ ಬರೋದು ಬೇಡ, ಏನಾದ್ರೂ ಆದ್ರೆ ಮಾತ್ರ ಬನ್ನಿ" ಅಂದ್ರು. ಸಿ ಡಿಫ್ ಅನ್ನೋ ಕರುಳಿನ ಸೋಂಕಿಗೆ ಕೊಟ್ಟ ಎರಡನೇ ಸಲದ ಔಷಧಿ ಮುಗಿದು ಅವತ್ತಿಗೆ ಸರಿಯಾಗಿ 8 ವಾರ ಆಗಿತ್ತು. ಆಸ್ಪತ್ರೆಯಿಂದ ಆಚೆ ಬಂದು ಅಪ್ಪ, ಅಮ್ಮ, ನಾನು ಮೂರೂ ಜನ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಇದನ್ನ ಈಗಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ಮಧ್ಯದಲ್ಲಿ ಎಷ್ಟೋ ಸಲ "ಇದನ್ನ ಯಾರಾದ್ರೂ ಮೊದಲೇ ಹೇಳಿದ್ದಿದ್ರೆ" ಅಂತ ಅತ್ತಿದೀನಿ. ನಾನು ಡಾಕ್ಟರ್ ಅಲ್ಲ. ರೋಗಿ ಪಕ್ಕದಲ್ಲಿ ಕೂತು ನೋಡಿದ್ದು, ಕೇಳಿ ತಿಳ್ಕೊಂಡಿದ್ದು, ಆಮೇಲೆ ಓದಿ ಅರ್ಥ ಮಾಡ್ಕೊಂಡಿದ್ದು, ಇಷ್ಟನ್ನೇ ಬರೀತಿದೀನಿ.

ಅಪ್ಪಂಗೆ 71. ಬಿದ್ದು ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ಚೆನ್ನಾಗೇ ಆಯ್ತು. ಎದ್ದು ಓಡಾಡೋಕೆ ಆಗಲ್ಲ ಅಂತ ಮೂತ್ರ ತಾನಾಗೇ ಬ್ಯಾಗಿಗೆ ಇಳಿಯೋ ಟ್ಯೂಬು, ಅಂದ್ರೆ ಕ್ಯಾತಿಟರ್, ಹಾಕಿದ್ರು. ನಾಲ್ಕನೇ ದಿನ ರಾತ್ರಿ ಮೈಯೆಲ್ಲ ನಡುಗಿಸೋ ಚಳಿ, ಹಲ್ಲು ಕಟಕಟ ಅನ್ನೋ ಹಾಗೆ, ಆಮೇಲೆ ಜ್ವರ 103. ಡ್ಯೂಟಿ ಡಾಕ್ಟ್ರು ಬಂದು ರಕ್ತ ತೆಗೆಸಿದ್ರು, ಮೂತ್ರ ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್) ಕಳಿಸಿದ್ರು, ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದ್ರು. ಅದರಲ್ಲಿ ತಪ್ಪೇನಿಲ್ಲ, ಅಂಥ ಜ್ವರದಲ್ಲಿ ಕಲ್ಚರ್ ಬರೋವರೆಗೂ ಕಾಯೋಕಾಗಲ್ಲ, ಅಂದಾಜಿನ ಮೇಲೇ ಶುರು ಮಾಡಬೇಕಾಗುತ್ತೆ.

ಆದ್ರೆ ಎರಡು ದಿನ ಆದ್ರೂ ಜ್ವರ ಇಳೀಲಿಲ್ಲ. ಕಲ್ಚರ್ ರಿಪೋರ್ಟ್ ಯಾವಾಗ ಅಂತ ದಿನಕ್ಕೆ ನಾಲ್ಕು ಸಲ ಕೇಳ್ತಿದ್ದೆ. ಮೂರನೇ ದಿನ ಬಂತು, ನೋಡಿದ್ರೆ "ಮಿಕ್ಸೆಡ್ ಗ್ರೋತ್, ಮತ್ತೆ ಸ್ಯಾಂಪಲ್ ಕಳಿಸಿ" ಅಂತ ಅಷ್ಟೇ. ಯಾಕೆ ಅಂತ ವಿಚಾರಿಸಿದಾಗ ಗೊತ್ತಾಗಿದ್ದು, ಮೊದಲ ಸಲ ಮೂತ್ರವನ್ನ ಕೆಳಗೆ ನೇತಾಡ್ತಿದ್ದ ಬ್ಯಾಗಿಂದ ಹಿಡಿದು ಕಳಿಸಿದ್ರು. ಬ್ಯಾಗಲ್ಲಿ ಗಂಟೆಗಟ್ಟಲೆ ನಿಂತ ಮೂತ್ರದಲ್ಲಿ ಏನೇನೋ ಬೆಳೆದಿರುತ್ತೆ, ಅದರಿಂದ ತೆಗೀಬಾರದಂತೆ. ಟ್ಯೂಬಲ್ಲಿ ಸ್ಯಾಂಪಲ್‌ಗೆ ಅಂತಾನೇ ಒಂದು ಜಾಗ ಇರುತ್ತೆ, ಅದನ್ನ ಸ್ಪಿರಿಟಲ್ಲಿ ಒರೆಸಿ ಅಲ್ಲಿಂದ ಸಿರಿಂಜಲ್ಲಿ ಎಳೀಬೇಕು. ಮೂರು ದಿನ ಹೀಗೆ ಹೋಯ್ತು. ನಿಮ್ಮವರಿಗೆ ಕ್ಯಾತಿಟರ್ ಇದ್ರೆ, ಸ್ಯಾಂಪಲ್ ತೆಗೆಯೋವಾಗ ಪಕ್ಕದಲ್ಲೇ ನಿಂತು "ಎಲ್ಲಿಂದ ತೆಗೀತಿದೀರಿ ಸಿಸ್ಟರ್" ಅಂತ ಮೆಲ್ಲಗೆ ಕೇಳಿ. ಜೊತೆಗೆ "ಈ ಕ್ಯಾತಿಟರ್ ಇವತ್ತೂ ಬೇಕಾ" ಅಂತ ದಿನಾ ಕೇಳಿ. ಅದು ಒಳಗಿರೋ ಒಂದೊಂದು ದಿನಕ್ಕೂ ಸೋಂಕಿನ ಅಪಾಯ ಏರ್ತಾ ಹೋಗುತ್ತೆ, ನಾವು ಒಂದು ಸಲಾನೂ ಕೇಳಿರಲಿಲ್ಲ.

ಎರಡನೇ ಸ್ಯಾಂಪಲ್ ರಿಪೋರ್ಟಲ್ಲಿ ಇ ಕೋಲೈ ಅನ್ನೋ ಬ್ಯಾಕ್ಟೀರಿಯಾ ಬಂತು, ಪಕ್ಕದಲ್ಲಿ ಇಎಸ್‌ಬಿಎಲ್ ಅಂತ ಬರೆದಿತ್ತು. ಕೆಳಗೆ ಉದ್ದ ಪಟ್ಟಿ, ಒಂದೊಂದು ಔಷಧಿ ಮುಂದೆ ಎಸ್, ಐ ಅಥವಾ ಆರ್. ಎಸ್ ಅಂದ್ರೆ ಮಾಮೂಲಿ ಡೋಸಿಗೆ ಬಗ್ಗುತ್ತೆ, ಆರ್ ಅಂದ್ರೆ ಬಗ್ಗಲ್ಲ, ಐ ನಡುವಿನದು. ನಮ್ಮ ಹಾಳೇಲಿ ಆರ್‌ಗಳೇ ತುಂಬಿದ್ವು. ಅಷ್ಟು ದಿನ ಕೊಟ್ಟಿದ್ದ ಸೆಫ್ಟ್ರಿಯಾಕ್ಸೋನ್ ಮುಂದೇನೂ ಆರ್. ಅವತ್ತು ನಂಗೆ ಕೈಕಾಲೇ ಬಿದ್ದು ಹೋದಂಗಾಯ್ತು.

ಇನ್ಫೆಕ್ಷಸ್ ಡಿಸೀಸ್ ಸ್ಪೆಷಲಿಸ್ಟ್ ಅಂತ ಒಬ್ಬರು ಇರ್ತಾರೆ ಅನ್ನೋದೇ ನಂಗೆ ಆಗ ಗೊತ್ತಾಗಿದ್ದು. ಸೋಂಕಿಗೆ ಅಂತಾನೇ ಇರೋ ಡಾಕ್ಟ್ರು. ಅವರು ಬಂದು ಹಾಸಿಗೆ ಪಕ್ಕ ಕುರ್ಚಿ ಎಳ್ಕೊಂಡು ಕೂತು ಹೇಳಿದ್ರು: ಇಎಸ್‌ಬಿಎಲ್ ಅನ್ನೋದು ಬೇರೆ ಬ್ಯಾಕ್ಟೀರಿಯಾ ಅಲ್ಲ, ಅದೇ ಇ ಕೋಲೈ, ಆದ್ರೆ ಪೆನ್ಸಿಲಿನ್ ಜಾತಿ, ಸೆಫಲೋಸ್ಪೋರಿನ್ ಜಾತಿ (ಸೆಫ್ಟ್ರಿಯಾಕ್ಸೋನ್ ಇದೇ ಜಾತಿ) ಔಷಧಿಗಳನ್ನ ಕತ್ತರಿಸಿ ಹಾಕೋ ಒಂದು ಎನ್‌ಜೈಮ್ ತಯಾರಿಸೋದು ಕಲಿತಿದೆ. ಆ ಎನ್‌ಜೈಮಿನ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಅನ್ನೋ ಡಿಎನ್ಎ ಉಂಗುರದ ಮೇಲೆ ಇರುತ್ತೆ, ಆ ಉಂಗುರವನ್ನ ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ದಾಟಿಸುತ್ತೆ, ಬೇರೆ ಜಾತಿಯದಕ್ಕೂ ದಾಟಿಸುತ್ತೆ. ಒಂದೇ ಉಂಗುರದಲ್ಲಿ ಬೇರೆ ಬೇರೆ ಔಷಧಿಗಳನ್ನ ಸೋಲಿಸೋ ಜೀನ್‌ಗಳು ಒಟ್ಟಿಗೆ ಇರ್ತವೆ, ಅದಕ್ಕೇ ರಿಪೋರ್ಟಲ್ಲಿ ಸಂಬಂಧವೇ ಇಲ್ಲದ ಔಷಧಿಗಳ ಮುಂದೇನೂ ಆರ್ ಬರೋದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧಿ ತುರ್ತಾಗಿ ಬೇಕಾಗಿರೋ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ ಸೆಫಲೋಸ್ಪೋರಿನ್‌ಗೆ ಬಗ್ಗದ ಇ ಕೋಲೈ ಥರದ ಈ ಗುಂಪನ್ನ ಅತ್ಯಂತ ಗಂಭೀರ ಅನ್ನೋ ವಿಭಾಗದಲ್ಲಿ ಇಟ್ಟಿತ್ತು, 2024ರ ಪರಿಷ್ಕೃತ ಪಟ್ಟೀಲೂ ಅಲ್ಲೇ ಇದೆ.

ಮೆರೊಪೆನೆಮ್ ಅನ್ನೋ ಬೇರೆ ಆಂಟಿಬಯೋಟಿಕ್ ಶುರುವಾಯ್ತು, 1 ಗ್ರಾಂ, 8 ಗಂಟೆಗೊಂದು ಸಲ, ರಕ್ತನಾಳಕ್ಕೆ, 7 ದಿನ. ಎರಡನೇ ದಿನಕ್ಕೇ ಜ್ವರ ಬಿಡ್ತು. ಅಪ್ಪ ಬೆಳಗ್ಗೆ ಎದ್ದು "ಇವತ್ತು ಪೇಪರ್ ಇಲ್ವಾ" ಅಂತ ಕೇಳಿದ್ರು, ಆ ಮಾತು ಕೇಳಿ ನಂಗಾದ ಸಮಾಧಾನ ಹೇಳೋಕಾಗಲ್ಲ. ಕ್ಯಾತಿಟರ್ ತೆಗೆದ್ರು, ಕೋರ್ಸ್ ಮುಗೀತು, ಮನೆಗೆ ಬಂದ್ವಿ. ಮುಗೀತು ಅಂದ್ಕೊಂಡ್ವಿ.

ಮನೆಗೆ ಬಂದ ಆರನೇ ದಿನ ಭೇದಿ ಶುರುವಾಯ್ತು. ಮೊದಲ ದಿನ ನಾಲ್ಕೈದು ಸಲ, ಮಾರನೇ ದಿನ ಹತ್ತು ದಾಟ್ತು, ನೀರು ನೀರಾಗಿ, ಒಂಥರಾ ಕೆಟ್ಟ ವಾಸನೆ, ಹೊಟ್ಟೆ ಹಿಂಡೋ ನೋವು, ಸಣ್ಣ ಜ್ವರ. ವಾಕರ್ ಹಿಡ್ಕೊಂಡು ನಡೀತಿದ್ದ ಮನುಷ್ಯ ಬಾತ್‌ರೂಮಿಗೆ ತಲುಪೋದ್ರೊಳಗೆ ಆಗಿ ಹೋಗ್ತಿತ್ತು, ಅವರ ಮುಖ ನೋಡೋಕೆ ಆಗ್ತಿರಲಿಲ್ಲ. ಇಲ್ಲಿ ನಾವು ಎರಡು ತಪ್ಪು ಮಾಡಿದ್ವಿ, ಇದನ್ನ ಓದೋರು ದಯವಿಟ್ಟು ಮಾಡಬೇಡಿ. ಒಂದು, ಭೇದಿ ನಿಲ್ಲಿಸೋ ಮಾತ್ರೆ ನಾವೇ ತಂದು ಕೊಟ್ವಿ. ಈ ಥರದ ಸೋಂಕಲ್ಲಿ ಕರುಳಿನ ಚಲನೆ ನಿಲ್ಲಿಸಿದ್ರೆ ವಿಷ ಒಳಗೇ ನಿಂತುಬಿಡಬಹುದು, ಡಾಕ್ಟ್ರನ್ನ ಕೇಳದೆ ಕೊಡಲೇಬಾರದು. ಇನ್ನೊಂದು, ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಎರಡು ವಾರದಿಂದ ಏನೇನು ಆಂಟಿಬಯೋಟಿಕ್ ಆಗಿದೆ ಅಂತ ಹೇಳಲಿಲ್ಲ, ಮೂಳೆ ಆಪರೇಷನ್ ಆಗಿದೆ ಅಂತಷ್ಟೇ ಹೇಳಿದ್ವಿ. ಅವರು ಹೊಟ್ಟೆ ಇನ್ಫೆಕ್ಷನ್ ಅಂತ ಇನ್ನೊಂದು ಆಂಟಿಬಯೋಟಿಕ್ ಬರೆದ್ರು. ಎರಡು ಡೋಸ್ ಹೋಗಿತ್ತು, ಅಷ್ಟರಲ್ಲಿ ಅಪ್ಪ ಎದ್ದು ಕೂರೋಕೂ ಆಗದಂಗಾದ್ರು.

ಆಂಟಿಬಯೋಟಿಕ್ ತಗೊಂಡ ಮೇಲೆ, ಅದು ನಿಲ್ಲಿಸಿ ವಾರಗಳಾಗಿದ್ರೂ ಸರಿ, ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಿನಂಥ ಭೇದಿ ಆದ್ರೆ ಮೊದಲು ನೆನಪಾಗಬೇಕಾದ ಹೆಸರು ಸಿ ಡಿಫ್. ಪೂರ್ತಿ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್, ಕರುಳಲ್ಲಿ ಬೆಳೆದು ಭೇದಿ ತರೋ ಒಂದು ಬ್ಯಾಕ್ಟೀರಿಯಾ.

ಮತ್ತೆ ಆಸ್ಪತ್ರೆ. ಬಿಳಿ ರಕ್ತಕಣ 19,000, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಏರಿತ್ತು. ಕಣ 15,000 ದಾಟಿದ್ರೆ ಇಲ್ಲಾ ಕ್ರಿಯಾಟಿನಿನ್ 1.5 ದಾಟಿದ್ರೆ ತೀವ್ರ ಅಂತ ಲೆಕ್ಕ ಹಾಕ್ತಾರೆ, ಹಾಗಾಗಿ ನೇರ ಅಡ್ಮಿಟ್. ಮಲದ ಪರೀಕ್ಷೆಗೆ ಡಬ್ಬಿ ಕೊಟ್ರು. ಸ್ಯಾಂಪಲ್ ತೆಗೆದಿದ್ದು ರಾತ್ರಿ, ವಾರ್ಡಿನ ಕೌಂಟರ್ ಮೇಲೆ ಬೆಳಗಿನವರೆಗೂ ಅದು ಹಾಗೇ ಇತ್ತು. ರಿಪೋರ್ಟಲ್ಲಿ ಜಿಡಿಎಚ್ ಪಾಸಿಟಿವ್, ಟಾಕ್ಸಿನ್ ನೆಗೆಟಿವ್. ನಾನು ನೆಗೆಟಿವ್ ಅನ್ನೋದು ನೋಡಿ ಖುಷಿಪಟ್ಟೆ. ಸೋಂಕಿನ ಡಾಕ್ಟ್ರು ಖುಷಿಪಡಲಿಲ್ಲ. ಜಿಡಿಎಚ್ ಅನ್ನೋದು ಆ ಬ್ಯಾಕ್ಟೀರಿಯಾ ಇದೆ ಅಂತ ಹೇಳುತ್ತೆ ಅಷ್ಟೇ, ಅದು ವಿಷ ಬಿಡ್ತಿದೆಯಾ ಅಂತ ಹೇಳೋದು ಟಾಕ್ಸಿನ್ ಟೆಸ್ಟ್, ಆದ್ರೆ ಆ ಟಾಕ್ಸಿನ್ ರೂಮಿನ ಬಿಸಿಯಲ್ಲಿ ಎರಡೇ ಗಂಟೇಲಿ ಕರಗಿ ಪತ್ತೆಗೆ ಸಿಗದಂಗೆ ಆಗಬಹುದು, ಅದಕ್ಕೇ ಕೂಡಲೇ ಕಳಿಸಬೇಕು ಇಲ್ಲಾ ಫ್ರಿಜ್ಜಲ್ಲಿ ಇಡಬೇಕು ಅಂದ್ರು. ಎರಡನೇ ಸಲ ನಾನೇ ಡಬ್ಬಿ ಹಿಡ್ಕೊಂಡು ಲ್ಯಾಬಿಗೆ ಓಡಿದೆ. ಟಾಕ್ಸಿನ್ ಪಾಸಿಟಿವ್.

ಎರಡು ಟೆಸ್ಟ್ ಹೊಂದದೇ ಇದ್ದಾಗ ಪಿಸಿಆರ್ ಅಂತ ಮೂರನೆಯದು ಮಾಡ್ತಾರಂತೆ. ಪಿಸಿಆರ್ ಪಾಸಿಟಿವ್ ಅಂದ್ರೂ ವಿಷದ ಜೀನ್ ಇದೆ ಅಂತ ಅರ್ಥ, ಕಾಯಿಲೆ ಇದೆ ಅಂತ ಅಲ್ಲ, ಭೇದಿಯೇ ಇಲ್ಲದೆ ಸುಮ್ನೆ ಈ ಬ್ಯಾಕ್ಟೀರಿಯಾನ ಹೊತ್ಕೊಂಡಿರೋರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಗಟ್ಟಿ ಮಲ ಕಳಿಸಿದ್ರೆ ಲ್ಯಾಬಿನವರು ತಗೊಳ್ಳಲ್ಲ.

ಇದು ಒಳಗೆ ಏನು ಮಾಡುತ್ತೆ ಅಂತ ಗೊತ್ತಾದಾಗ ಅಪ್ಪನ ನೋವು ಸ್ವಲ್ಪ ಅರ್ಥ ಆಯ್ತು. ಕರುಳಲ್ಲಿ ಮಾಮೂಲಾಗಿ ಇರೋ ಕೋಟ್ಯಂತರ ಒಳ್ಳೆ ಬ್ಯಾಕ್ಟೀರಿಯಾಗಳು ಇದಕ್ಕೆ ಜಾಗ ಕೊಡಲ್ಲ. ಮೆರೊಪೆನೆಮ್‌ನಂಥ ಔಷಧಿ ಇ ಕೋಲೈ ಜೊತೆಗೆ ಅವುಗಳನ್ನೂ ಗುಡಿಸಿ ಹಾಕುತ್ತೆ, ಖಾಲಿಯಾದ ಜಾಗದಲ್ಲಿ ಸಿ ಡಿಫ್ ತಲೆ ಎತ್ತುತ್ತೆ. ಅದು ಬಿಡೋ ಟಾಕ್ಸಿನ್ ಎ, ಟಾಕ್ಸಿನ್ ಬಿ ಎರಡೂ ಕರುಳಿನ ಗೋಡೆಯ ಜೀವಕೋಶದ ಒಳಗೆ ನುಗ್ಗಿ, ಕೋಶದ ಆಕಾರ ಹಿಡಿದಿಟ್ಟಿರೋ ಪ್ರೋಟೀನುಗಳಿಗೆ ಒಂದು ಸಕ್ಕರೆ ಅಣು ಅಂಟಿಸಿ ಅವು ಕೆಲಸ ಮಾಡದಂಗೆ ಮಾಡ್ತವೆ. ತೊಲೆ ಕಂಬ ಕಿತ್ತ ಮನೆ ಹಾಗೆ ಕೋಶ ಕುಸಿಯುತ್ತೆ, ಪಕ್ಕದ ಕೋಶದ ಜೊತೆಗಿನ ಬೆಸುಗೆ ಬಿಡುತ್ತೆ, ನೀರು ಸೋರುತ್ತೆ, ಉರಿಯೂತ ಆಗುತ್ತೆ. ಈ ಬ್ಯಾಕ್ಟೀರಿಯಾನ ಮೊದಲು ವಿವರಿಸಿದ್ದು 1935ರಲ್ಲಿ, ಅದೂ ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ. ಲ್ಯಾಬಲ್ಲಿ ಬೆಳೆಸೋಕೆ ಕಷ್ಟ ಅಂತ ಡಿಫಿಸೈಲ್ ಅನ್ನೋ ಹೆಸರು. ಆಂಟಿಬಯೋಟಿಕ್ ನಂತರದ ಕರುಳಿನ ಉರಿಯೂತಕ್ಕೆ ಇದೇ ಕಾರಣ ಅಂತ ಖಚಿತ ಆಗಿದ್ದು 1978ರ ಹೊತ್ತಿಗೆ.

ರಾತ್ರಿ ಕೂತು ಫೋನಲ್ಲಿ ಓದ್ತಾ ಓದ್ತಾ 027 ಅನ್ನೋ ತಳಿ ಬಗ್ಗೆ ಸಿಕ್ಕಿ ನಿದ್ದೆ ಹಾರಿ ಹೋಯ್ತು. 2000ದ ನಂತರದ ವರ್ಷಗಳಲ್ಲಿ ಕೆನಡಾದ ಕ್ವಿಬೆಕ್, ಅಮೆರಿಕ, ಯುರೋಪಿನ ಆಸ್ಪತ್ರೆಗಳಲ್ಲಿ ಹರಡಿದ ತಳಿ ಅದು, ಫ್ಲೋರೋಕ್ವಿನೊಲೋನ್ ಅನ್ನೋ ಗುಂಪಿನ ಆಂಟಿಬಯೋಟಿಕ್‌ಗಳಿಗೆ ಬಗ್ಗಲ್ಲ, ಬೈನರಿ ಟಾಕ್ಸಿನ್ ಅಂತ ಮೂರನೇ ವಿಷಾನೂ ಬಿಡುತ್ತೆ. ಬೆಳಗ್ಗೆ ಡಾಕ್ಟ್ರನ್ನ "ಅಪ್ಪಂದು ಅದೇನಾ ಸರ್" ಅಂತ ಕೇಳಿದೆ. ತಳಿ ಪತ್ತೆ ಮಾಡೋದು ದೊಡ್ಡ ಲ್ಯಾಬುಗಳ ಕೆಲಸ, ಎಲ್ಲರಿಗೂ ಮಾಡಲ್ಲ, ಮಾಡಿದ್ರೂ ಚಿಕಿತ್ಸೆ ಬದಲಾಗಲ್ಲ, ನೀವು ಅದರ ಯೋಚನೆ ಬಿಡಿ ಅಂದ್ರು. ಆಮೇಲೆ ಅವರೇ ಇನ್ನೊಂದು ವಿಷಯ ಹೇಳಿದ್ರು: ಇಂಗ್ಲೆಂಡಲ್ಲಿ ಫ್ಲೋರೋಕ್ವಿನೊಲೋನ್ ಬಳಕೆಯನ್ನ ಬಿಗಿ ಮಾಡಿದ ಮೇಲೆ ಆ ಔಷಧಿಗೆ ಬಗ್ಗದ ತಳಿಗಳ ಸಿ ಡಿಫ್ ತುಂಬಾ ಇಳೀತು. ಔಷಧಿ ಬರೆಯೋ ಕೈ ಹಿಡಿತಕ್ಕೆ ಬಂದ್ರೆ ತಳಿನೂ ಹಿಂದೆ ಸರಿಯುತ್ತೆ ಅಂದಾಗ ನಂಗೆ ಏನೋ ಧೈರ್ಯ ಬಂತು.

ಚಿಕಿತ್ಸೆಗೆ ವ್ಯಾಂಕೊಮೈಸಿನ್, 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, 10 ದಿನ, ಬಾಯಲ್ಲಿ. ಆಂಟಿಬಯೋಟಿಕ್‌ನಿಂದ ಬಂದಿದ್ದಕ್ಕೆ ಮತ್ತೆ ಆಂಟಿಬಯೋಟಿಕ್ಕಾ ಅಂತ ಅಮ್ಮ ಜಗಳಕ್ಕೇ ನಿಂತ್ರು, ಅವರನ್ನ ಒಪ್ಪಿಸೋಕೆ ಅರ್ಧ ದಿನ ಬೇಕಾಯ್ತು. ಈ ಔಷಧಿ ಬಾಯಲ್ಲಿ ತಗೊಂಡ್ರೆ ರಕ್ತಕ್ಕೆ ಹೆಚ್ಚುಕಮ್ಮಿ ಸೇರೋದೇ ಇಲ್ಲ, ಕರುಳಲ್ಲೇ ಉಳಿಯುತ್ತೆ, ಇಲ್ಲಿ ಬೇಕಾಗಿರೋದೂ ಅದೇ. ರಕ್ತನಾಳಕ್ಕೆ ಕೊಟ್ರೆ ಕರುಳಿಗೆ ತಲುಪಲ್ಲ, ಸಿ ಡಿಫ್‌ಗೆ ಉಪಯೋಗ ಇಲ್ಲ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ನಮಗೆ ಸಿಕ್ಕಿದ್ದು ಇಂಜೆಕ್ಷನ್ ಪುಡಿಯ ಸೀಸೆ, ಅದನ್ನೇ ನೀರಲ್ಲಿ ಕಲಸಿ ಅಳತೆ ಮಾಡಿ ಕುಡಿಸಬೇಕಿತ್ತು, ಒಂದು ರಾತ್ರಿ ಹೊಸಬರೊಬ್ಬರು ಸಿಸ್ಟರ್ ಅದನ್ನ ಡ್ರಿಪ್ಪಿಗೆ ಹಾಕೋಕೆ ತಂದ್ರು. "ಕುಡಿಸೋದು ಅಂತ ಹೇಳಿದ್ರಲ್ಲ ಸಿಸ್ಟರ್, ಒಂದ್ಸಲ ಚಾರ್ಟ್ ನೋಡ್ತೀರಾ" ಅಂದೆ, ಅವರು ನೋಡಿ ಸರಿ ಮಾಡಿದ್ರು. ಸೀಸೆ ಮೇಲೆ ಇಂಜೆಕ್ಷನ್ ಅಂತಾನೇ ಬರೆದಿರುತ್ತಲ್ಲ, ಯಾರಿಗಾದ್ರೂ ಆಗಬಹುದು. ಕಹಿ ಅಂದ್ರೆ ಕಹಿ, ಅಪ್ಪ ಮೂಗು ಹಿಡ್ಕೊಂಡು ಕುಡೀತಿದ್ರು. ಆಪರೇಷನ್ ಟೈಮಿಂದ ಸುಮ್ನೆ ನಡೀತಿದ್ದ ಆಸಿಡಿಟಿ ಮಾತ್ರೇನೂ ನಿಲ್ಲಿಸಿದ್ರು, ಅದಕ್ಕೂ ಸಿ ಡಿಫ್‌ಗೂ ನಂಟಿದೆ, ಅಗತ್ಯ ಇಲ್ಲದಿದ್ರೆ ಬೇಡ ಅಂತ.

ಅಪ್ಪನ್ನ ಒಬ್ಬರನ್ನೇ ಬೇರೆ ರೂಮಿಗೆ ಹಾಕಿದ್ರು. ಬರೋರೆಲ್ಲ ಗ್ಲೌಸ್, ಏಪ್ರನ್. ಎರಡನೇ ದಿನ ಅಪ್ಪ "ನನ್ನ ಮುಟ್ಟೋಕೂ ಹೆದರ್ತಾರಲ್ಲೋ ಎಲ್ರೂ" ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಈ ರೋಗದಲ್ಲಿ ನಂಗೆ ಅತಿ ಹೆಚ್ಚು ನೋವು ಕೊಟ್ಟ ಕ್ಷಣ ಅದು. ಆಮೇಲೆ ಒಬ್ಬ ಸಿಸ್ಟರ್ ಗ್ಲೌಸ್ ಹಾಕಿದ ಕೈಯಲ್ಲೇ ಅವರ ಕೈ ಹಿಡ್ಕೊಂಡು "ಇದು ನಿಮಗೆ ಹೆದರಿ ಅಲ್ಲ ತಾತ, ಪಕ್ಕದ ರೂಮಲ್ಲಿ ಇನ್ನೊಬ್ಬ ತಾತ ಇದ್ದಾರೆ, ಅವರಿಗೆ ಹೋಗಬಾರದು ಅಂತ" ಅಂದ್ರು. ಅವತ್ತಿಂದ ಅಪ್ಪ ತಾವೇ ಎಲ್ಲರಿಗೂ ಗ್ಲೌಸ್ ಹಾಕಿದೀರಾ ಅಂತ ಕೇಳೋಕೆ ಶುರು ಮಾಡಿದ್ರು.

ಮನೆಯವರಿಗೆ ಮುಖ್ಯವಾದ ವಿಷಯ: ಸ್ಯಾನಿಟೈಸರ್ ಇದಕ್ಕೆ ನಾಟಲ್ಲ. ಸಿ ಡಿಫ್ ಮೈಯಿಂದ ಆಚೆ ಬಂದ್ರೆ ಸ್ಪೋರ್ ಆಗಿ ಗಟ್ಟಿ ಚಿಪ್ಪಲ್ಲಿ ಕೂರುತ್ತೆ, ಆಲ್ಕೋಹಾಲಿಗೆ ಸಾಯಲ್ಲ, ತಿಂಗಳುಗಟ್ಟಲೆ ಬದುಕಿರುತ್ತೆ. ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದಾಗ ಸ್ಪೋರ್ ಕೈಯಿಂದ ಜಾರಿ ಹೋಗುತ್ತೆ, ಅಷ್ಟೇ ದಾರಿ. ಕಮೋಡು, ನಲ್ಲಿ, ಬಾಗಿಲ ಹಿಡಿ, ವಾಕರ್ ಹಿಡಿ ಎಲ್ಲಾ ಬ್ಲೀಚ್ ದ್ರಾವಣದಲ್ಲಿ ಒರೆಸಿ, ಒರೆಸಿದ ತಕ್ಷಣ ಒಣಗಿಸದೆ 10 ನಿಮಿಷ ಒದ್ದೆಯಾಗೇ ಬಿಡಿ. ಬ್ಲೀಚ್ ಜೊತೆ ಆಸಿಡ್ ಅಥವಾ ಬೇರೆ ಕ್ಲೀನರ್ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ. ಕಮೋಡ್ ಮುಚ್ಚಳ ಹಾಕಿ ಫ್ಲಶ್ ಮಾಡಿ. ಆದ್ರೆ ರೋಗೀನ ಅಪ್ಪಿಕೊಳ್ಳಬಹುದು, ಪಕ್ಕ ಕೂರಬಹುದು, ಕೈ ತೊಳ್ಕೊಂಡ್ರೆ ಸಾಕು.

ಐದನೇ ದಿನಕ್ಕೆ ಭೇದಿ ಮೂರಕ್ಕಿಳೀತು, ಹತ್ತಕ್ಕೆ ನಿಂತಿತು. ಖರ್ಚಿನ ಬಗ್ಗೆ ಹೇಳೋದಾದ್ರೆ, ನಮ್ಮನ್ನ ಹಿಂಡಿದ್ದು ಔಷಧಿಗಿಂತ ಒಂಟಿ ರೂಮು ಮತ್ತು ಕಳ್ಕೊಂಡ ಕೆಲಸದ ದಿನಗಳು. ಇನ್ಶೂರೆನ್ಸ್‌ನವರು ಎರಡನೇ ಅಡ್ಮಿಷನ್ ಯಾಕೆ, ಬೇರೆ ರೂಮು ಯಾಕೆ ಅಂತ ಕೇಳಿದ್ರು. ಟಾಕ್ಸಿನ್ ರಿಪೋರ್ಟ್ ಮತ್ತು ಐಸೋಲೇಷನ್ ಬೇಕು ಅಂತ ಡಾಕ್ಟ್ರು ಬರೆದ ಹಾಳೆ ಇದ್ದಿದ್ದಕ್ಕೆ ಒಪ್ಪಿದ್ರು. ಡಿಸ್ಚಾರ್ಜ್ ಸಮರಿ ಒಂದನ್ನೇ ನಂಬಬೇಡಿ, ಪ್ರತಿ ಕಲ್ಚರ್, ಪ್ರತಿ ಮಲದ ರಿಪೋರ್ಟ್ ಬೇರೆಬೇರೆಯಾಗಿ ಕೇಳಿ ಇಸ್ಕೊಳ್ಳಿ. ನಮ್ಮ ಮೊದಲ ಸಮರೀಲಿ "ಮೂತ್ರದ ಸೋಂಕಿಗೆ ಚಿಕಿತ್ಸೆ ನೀಡಲಾಯಿತು" ಅಂತ ಮಾತ್ರ ಇತ್ತು, ಯಾವ ಔಷಧಿ, ಎಷ್ಟು ದಿನ ಏನೂ ಇರಲಿಲ್ಲ.

ಔಷಧಿ ನಿಂತು 17ನೇ ದಿನ ಮತ್ತೆ ಶುರುವಾಯ್ತು. ಅವತ್ತು ಮನೇಲಿ ಎಲ್ಲರೂ ಕುಸಿದು ಹೋದ್ವಿ. ಐದರಲ್ಲಿ ಒಬ್ಬರಿಗಾದ್ರೂ ಮರುಕಳಿಸುತ್ತೆ, ಔಷಧಿಗೆ ಬಗ್ಗಲಿಲ್ಲ ಅಂತಲ್ಲ, ಸ್ಪೋರುಗಳು ಉಳಿದಿರ್ತವೆ, ಒಳ್ಳೆ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲ್ಲ ಅಂತ ಡಾಕ್ಟ್ರು ವಿವರಿಸಿದ್ರು. ಈ ಸಲ ಫಿಡಾಕ್ಸೊಮೈಸಿನ್ ಅನ್ನೋ ಬೇರೆ ಆಂಟಿಬಯೋಟಿಕ್, 200 ಮಿಲಿಗ್ರಾಂ ದಿನಕ್ಕೆರಡು, 10 ದಿನ. ಇದು ದುಬಾರಿ, ಕೂಡಲೇ ಸಿಗಲೂ ಇಲ್ಲ, ತರಿಸೋಕೆ ಎರಡು ದಿನ ಹಿಡೀತು, ಅಲ್ಲಿವರೆಗೆ ವ್ಯಾಂಕೊಮೈಸಿನ್ನೇ ನಡೆಸಿದ್ರು. ಒಳ್ಳೆ ಬ್ಯಾಕ್ಟೀರಿಯಾಗಳನ್ನ ಇದು ಹೆಚ್ಚು ಉಳಿಸುತ್ತೆ, ಅದಕ್ಕೇ ಮರುಕಳಿಸೋದು ಕಮ್ಮಿ. ಇನ್ನೂ ಬಂದ್ರೆ ಆರೋಗ್ಯವಂತರ ಮಲದಿಂದ ಬ್ಯಾಕ್ಟೀರಿಯಾ ಕೊಡೋ ಚಿಕಿತ್ಸೆ ಇದೆ ಅಂದ್ರು. ಕೇಳೋಕೆ ಒಂಥರಾ ಅನ್ನಿಸಿದ್ರೂ 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದು ವ್ಯಾಂಕೊಮೈಸಿನ್‌ಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡ್ತು ಅಂತ ಅವರಿಂದಲೇ ತಿಳೀತು. ನಮಗೆ ಅದು ಬೇಕಾಗಲಿಲ್ಲ.

ಭೇದಿ ನಿಂತ ಮೇಲೆ "ಹೋಗಿದೆಯಾ ನೋಡೋಕೆ ಇನ್ನೊಂದು ಟೆಸ್ಟ್ ಮಾಡಿಸೋಣ" ಅಂತ ತಮ್ಮ ಹಠ ಹಿಡಿದ. ಬೇಡ. ವಾಸಿಯಾದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು, ಅದನ್ನ ನೋಡಿ ಮತ್ತೆ ಔಷಧಿ ಕೊಡೋದು ತಪ್ಪಾಗುತ್ತೆ. ಇದೇ ಥರದ್ದು ಮೂತ್ರದಲ್ಲೂ ಆಯ್ತು. ಮೂಳೆ ಚೆಕಪ್ಪಿಗೆ ಹೋದಾಗ ರೂಢಿಯಂತೆ ಮೂತ್ರ ಕಲ್ಚರ್ ಬರೆದಿದ್ರು, ಮತ್ತದೇ ಇಎಸ್‌ಬಿಎಲ್ ಇ ಕೋಲೈ ಬಂತು. ನಂಗೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಮೆರೊಪೆನೆಮ್ ಯಾವಾಗ ಅಂತ ಫೋನ್ ಮಾಡಿದೆ. ಸೋಂಕಿನ ಡಾಕ್ಟ್ರು ನಾಲ್ಕೇ ಪ್ರಶ್ನೆ ಕೇಳಿದ್ರು, ಜ್ವರ ಇದೆಯಾ, ಉರಿ ಇದೆಯಾ, ಪದೇ ಪದೇ ಹೋಗ್ತಾರಾ, ಹೊಟ್ಟೆ ಕೆಳಗೆ ನೋವಿದೆಯಾ. ಯಾವುದೂ ಇರಲಿಲ್ಲ. "ಹಾಗಾದ್ರೆ ಔಷಧಿ ಇಲ್ಲ. ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಮ್ನೆ ಇರೋದು ತುಂಬಾ ಮಾಮೂಲು. ನಾನು ಹಾಳೆಗೆ ಔಷಧಿ ಕೊಡಲ್ಲ, ನಿಮ್ಮಪ್ಪಂಗೆ ಕೊಡ್ತೀನಿ" ಅಂದ್ರು. ಅವತ್ತು ಕೊಟ್ಟಿದ್ರೆ ಮೂರನೇ ಸಲ ಸಿ ಡಿಫ್ ಬರೋಕೆ ನಾವೇ ಬಾಗಿಲು ತೆಗೆದಂಗೆ ಆಗ್ತಿತ್ತು.

ಈಗ ಅಪ್ಪನ ಪರ್ಸಲ್ಲಿ ಒಂದು ಮಡಿಸಿದ ಕಾಗದ ಇರುತ್ತೆ. ಅದರಲ್ಲಿ ಇಎಸ್‌ಬಿಎಲ್ ಬಂದ ತಾರೀಕು, ಸಿ ಡಿಫ್ ಎರಡು ಸಲ ಬಂದ ತಾರೀಕು, ಕೊಟ್ಟ ಔಷಧಿಗಳ ಹೆಸರು, ದಿನ, ಕೊನೇಲಿ ದಪ್ಪ ಅಕ್ಷರದಲ್ಲಿ "ಆಂಟಿಬಯೋಟಿಕ್ ಬರೆಯೋ ಮುಂಚೆ ದಯವಿಟ್ಟು ಇದನ್ನ ಓದಿ". ಹೋದ ತಿಂಗಳು ಹಲ್ಲು ಕೀಳಿಸೋಕೆ ಹೋದಾಗ ಮುನ್ನೆಚ್ಚರಿಕೆಗೆ ಅಂತ ಐದು ದಿನಕ್ಕೆ ಕ್ಲಿಂಡಮೈಸಿನ್ ಬರೆದ್ರು, ಸಿ ಡಿಫ್ ತರೋದ್ರಲ್ಲಿ ಅತಿ ಕೆಟ್ಟ ಹೆಸರಿರೋ ಔಷಧಿಗಳಲ್ಲಿ ಅದೂ ಒಂದು. ನಾನು ಬಾಯಿ ತೆಗೆಯೋ ಮುಂಚೆ ಅಪ್ಪಾನೇ ಪರ್ಸ್ ತೆಗೆದು ಕಾಗದ ಮುಂದಿಟ್ರು. ದಂತವೈದ್ಯರು ಪೂರ್ತಿ ಓದಿದ್ರು, ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಎರಡು ನಿಮಿಷ ಮಾತಾಡಿದ್ರು, ಚೀಟೀಲಿ ಆ ಸಾಲು ಹೊಡೆದು ಹಾಕಿ ನೋವಿನ ಮಾತ್ರೆ ಒಂದನ್ನೇ ಉಳಿಸಿದ್ರು. ಹಲ್ಲು ಕಿತ್ತ ಜಾಗ ನಾಲ್ಕು ದಿನದಲ್ಲಿ ಮಾಯ್ತು.